ಎಂಟಾಣೆಯ ಲೆಕ್ಕ

ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಕೂತು ಇನ್ನೊಬ್ಬರ ಹಣ ಎಣಿಸಿದವನಿಗೆ ‘ಇದು ಯಾರದು?’ ಎಂಬ ಪ್ರಶ್ನೆ ಹೊಸದಲ್ಲ. ಖಾತೆ ಯಾರದು, ಸಹಿ ಯಾರದು, ಅಡವಿಟ್ಟ ಬಂಗಾರ ಯಾರದು, ಇಷ್ಟು ಖಚಿತವಾದರೆ ನಮ್ಮ ಕೆಲಸ ಅರ್ಧ ಮುಗಿದ ಹಾಗೆ. ಎಂ.ಕಾಂ. ಓದುವಾಗ ಕಲಿತ ಜಮಾ-ಖರ್ಚಿನ ನಿಯಮ 2018ರಲ್ಲಿ ನಿವೃತ್ತನಾಗುವ ತನಕ ನನ್ನ ಕೈಬಿಡಲಿಲ್ಲ. ಆದರೆ ನಿವೃತ್ತನಾದ ಮರುವರ್ಷ ಹದಿನೆಂಟು ನಿಮಿಷದ ಒಂದು ವಿಡಿಯೋ ಮಾಡಲು ಹೋದೆ ನೋಡಿ, ಆಗ ಆ ಹಳೇ ಪ್ರಶ್ನೆಗೆ ನನ್ನ ಹತ್ತಿರ ಉತ್ತರವೇ ಇಲ್ಲ ಅನ್ನುವುದು ಗೊತ್ತಾಯಿತು. ಈಗಲೂ ಪೂರ್ತಿ ಸಿಕ್ಕಿದೆ ಅಂತ ಹೇಳಲಾರೆ.

ನಾನಿರುವುದು ಡೊಂಬಿವಲಿಯಲ್ಲಿ. 1983ರಲ್ಲಿ ಉಡುಪಿಯ ಕಡೆಯಿಂದ ಮುಂಬಯಿಗೆ ವರ್ಗವಾಗಿ ಬಂದವನು, ಮೂರು ವರ್ಷ ಕಳೆದು ಊರಿಗೆ ಮರಳಬೇಕು ಅಂದುಕೊಂಡಿದ್ದೆ. ಮೂರು ಮೂವತ್ತಾಯಿತು, ಮಕ್ಕಳ ಶಾಲೆ, ಮನೆಯ ಸಾಲ, ಆಮೇಲೆ ಅಭ್ಯಾಸ. ನಮ್ಮ ಬಡಾವಣೆಯ ಕನ್ನಡ ಸಂಘಕ್ಕೆ 2019ರಲ್ಲಿ ಐವತ್ತು ತುಂಬಿತು. ಸ್ಮರಣ ಸಂಚಿಕೆ ತರುವುದು ವಾಡಿಕೆ. ಆದರೆ ಸಂಚಿಕೆಯಲ್ಲಿ ಜಾಹೀರಾತು ಕೊಟ್ಟವರು ಮಾತ್ರ ತಮ್ಮ ಪುಟ ನೋಡಿ ಮುಚ್ಚಿಡುತ್ತಾರೆ, ಹೊಸ ಪೀಳಿಗೆಗೆ ಕನ್ನಡ ಓದಲು ಬರುವುದಿಲ್ಲ. ಅದಕ್ಕೇ ಈ ಸಲ ಹಿರಿಯರನ್ನು ಮಾತಾಡಿಸಿ ಒಂದು ವಿಡಿಯೋ ಮಾಡೋಣ ಎಂದು ಕಾರ್ಯಕಾರಿ ಸಮಿತಿ ತೀರ್ಮಾನಿಸಿತು. ಯಾರು ಮಾಡುವುದು? ‘ರಿಟಾಯರ್ ಆದವರಿಗೆ ಪುರಸೊತ್ತು ಇರುತ್ತದಲ್ಲ’ ಎಂದು ನನ್ನ ಕಡೆ ಬೆರಳು ತೋರಿಸಿದರು.

ನೀವು ಊರಿನಲ್ಲಿರುವವರು ಕೇಳಬಹುದು, ಇದಕ್ಕೆಲ್ಲ ಇಷ್ಟು ಗಡಿಬಿಡಿ ಯಾಕೆ ಅಂತ. ಊರಿನಲ್ಲಿ ಒಬ್ಬ ಬಾಳಿ ಹೋದ ಅನ್ನುವುದಕ್ಕೆ ಸಾಕ್ಷಿ ಬೇಕಾದಷ್ಟಿದೆ. ಅವನು ನೆಟ್ಟ ಮಾವಿನ ಮರವಿದೆ, ಕಟ್ಟಿಸಿದ ಕಟ್ಟೆಯಿದೆ, ದೇವಸ್ಥಾನದ ಗಂಟೆಯ ಮೇಲೆ ಕೊರೆಸಿದ ಹೆಸರಿದೆ. ಮುಂಬಯಿಯ ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆದು, ಅದೇ ಹೋಟೆಲಿನ ಟೇಬಲ್ಲಿನ ಮೇಲೆ ಮಲಗಿ ದೊಡ್ಡವನಾದವನಿಗೆ ಏನು ಸಾಕ್ಷಿ? ಹೋಟೆಲು ಈಗ ಮೊಬೈಲ್ ಅಂಗಡಿ. ಅವನು ಕಲಿತ ಕನ್ನಡ ರಾತ್ರಿ ಶಾಲೆಗೆ ಬೀಗ ಬಿದ್ದು ಎಷ್ಟೋ ಕಾಲವಾಯಿತು. ಉಳಿದಿರುವುದು ಅವನ ಬಾಯಲ್ಲಿರುವ ಮಾತು ಒಂದೇ. ಅದೂ ಅವನ ಜೊತೆಗೇ ಹೋಗುತ್ತದೆ. ಅದನ್ನು ಹಿಡಿದಿಡಬೇಕು ಅನ್ನುವ ಆಸೆ ನಮ್ಮದು. ಆಸೆ ಒಳ್ಳೆಯದೇ. ಹಿಡಿದಿಟ್ಟ ಮೇಲೆ ಅದು ಯಾರದು ಅನ್ನುವುದನ್ನು ಮಾತ್ರ ನಾವು ಯೋಚಿಸಿರಲಿಲ್ಲ.

ವಿಡಿಯೋ ಅಂದರೇನು ಅಂತ ನನಗೆ ಕಲಿಸಿದವಳು ಪಕ್ಕದ ಮನೆಯ ಹುಡುಗಿ, ಮಾಸ್ ಮೀಡಿಯಾ ಓದಿದವಳು. ಅವಳ ಅಜ್ಜಿ ಕುಂದಾಪುರದವರು, ಅವಳು ಮಾತಾಡುವುದು ಕನ್ನಡ, ಮರಾಠಿ, ಇಂಗ್ಲಿಷ್ ಮೂರನ್ನೂ ಕಲಸಿದ ಒಂದು ಭಾಷೆ. ‘ಅಂಕಲ್, ಮೊದಲು ಫ್ಯಾನ್ ಬಂದ್ ಮಾಡಿ’ ಅನ್ನುವುದು ಮೊದಲ ಪಾಠ. ಚಿತ್ರ ಸ್ವಲ್ಪ ಮಂಕಾದರೂ ಜನ ಸಹಿಸುತ್ತಾರಂತೆ, ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾರಂತೆ. ಅದಕ್ಕೇ ಕಾಲರಿಗೆ ಸಿಕ್ಕಿಸುವ ಸಣ್ಣ ಮೈಕು. ಮಾತಾಡುವವರನ್ನು ಕಿಟಕಿಗೆ ಬೆನ್ನು ಮಾಡಿ ಕೂರಿಸಬಾರದು, ಮುಖ ಕಪ್ಪಾಗುತ್ತದೆ, ಬೆಳಕು ಪಕ್ಕದಿಂದ ಬರಬೇಕು. ಮಾತು ಮುಗಿದ ಮೇಲೆ ಅರ್ಧ ನಿಮಿಷ ಯಾರೂ ಉಸಿರೆತ್ತದೆ ಆ ಕೋಣೆಯ ಮೌನವನ್ನೂ ರೆಕಾರ್ಡ್ ಮಾಡಿಕೊಳ್ಳಬೇಕು, ಮುಂದೆ ತೇಪೆ ಹಾಕಲು ಬೇಕಾಗುತ್ತದೆ. ಮಾತಿನ ನಡುವೆ ಕತ್ತರಿಸಿ ಜೋಡಿಸಿದರೆ ಮುಖ ಟಕ್ಕನೆ ಹಾರಿದಂತೆ ಕಾಣುತ್ತದೆ. ಅದನ್ನು ಮುಚ್ಚಲು ಆ ಜಾಗದಲ್ಲಿ ಅವರ ಕೈ, ಗೋಡೆಯ ಮೇಲಿನ ಫೋಟೋ, ಬೀದಿ, ರೈಲು, ಏನಾದರೂ ತೋರಿಸಬೇಕು. ಆಗ ನೋಡುವವನಿಗೆ ಕತ್ತರಿಸಿದ್ದೇ ಗೊತ್ತಾಗುವುದಿಲ್ಲ.

ಈ ಕೊನೆಯ ಪಾಠವನ್ನು ನೆನಪಿಟ್ಟುಕೊಳ್ಳಿ. ಮುಂದಿನ ರಾಮಾಯಣಕ್ಕೆಲ್ಲ ಅದೇ ಮೂಲ.

ಮೊದಲ ತೊಡಕು ಬಂದದ್ದು ಹಾಡಿನಿಂದ. ಶುರುವಿಗೆ ಒಂದು ದಾಸರ ಪದ ಇರಲಿ ಎಂದು ಭೀಮಸೇನ ಜೋಶಿಯವರ ಧ್ವನಿಮುದ್ರಣವನ್ನು ಹಾಕಿದೆ. ಗದಗದ ಕಡೆಯಿಂದ ಹೊರಟು ಪುಣೆಯಲ್ಲಿ ನೆಲೆಸಿದವರು, ನಮ್ಮ ಹಾಗೆ ಹೊರನಾಡಿನವರೇ. ಇದಕ್ಕಿಂತ ಒಪ್ಪುವ ದನಿ ಯಾವುದು? ಪರೀಕ್ಷೆಗೆಂದು ಯೂಟ್ಯೂಬಿಗೆ ಏರಿಸಿದೆವು. ಸ್ವಲ್ಪ ಹೊತ್ತಿಗೇ ‘ಈ ಧ್ವನಿಮುದ್ರಣದ ಹಕ್ಕು ಬೇರೆಯವರದು’ ಎಂಬ ಸೂಚನೆ ಬಂತು. ನನಗೆ ಸಿಟ್ಟು. ಪುರಂದರದಾಸರು ಹದಿನಾರನೆಯ ಶತಮಾನದವರು, ಯಾರಿಗೆ ಬರೆದುಕೊಟ್ಟಿದ್ದಾರಂತೆ? ಹುಡುಗಿ ನಕ್ಕು, ‘ಪದ ಯಾರದ್ದೂ ಅಲ್ಲ ಅಂಕಲ್, ರೆಕಾರ್ಡು ಕಂಪೆನಿಯದ್ದು’ ಅಂದಳು.

ಬ್ಯಾಂಕಿನವನಲ್ಲವೆ, ಕಾನೂನು ತೆಗೆದು ಓದಿದೆ. ನಮ್ಮ ಕೃತಿಸ್ವಾಮ್ಯ ಕಾಯಿದೆ 1957ರದು. ಬರೆದವರ, ರಾಗ ಕಟ್ಟಿದವರ ಹಕ್ಕು ಅವರು ಬದುಕಿರುವ ತನಕ, ಆಮೇಲೆ ವಾರಸುದಾರರಿಗೆ ಅರವತ್ತು ವರ್ಷ. ಧ್ವನಿಮುದ್ರಣಕ್ಕೆ, ಸಿನಿಮಾಕ್ಕೆ ಪ್ರಕಟವಾದಲ್ಲಿಂದ ಅರವತ್ತು ವರ್ಷ. ಹಾಡಿದವರ ಹಕ್ಕೇ ಬೇರೆ, ಅದು ಐವತ್ತು ವರ್ಷ. ಒಂದು ಹಾಡಿನೊಳಗೆ ಇಷ್ಟು ಜನ ಪಾಲುದಾರರು. ದಿನಾ ಬೆಳಿಗ್ಗೆ ನಾವು ವಾಟ್ಸಪ್ಪಿನಲ್ಲಿ ಕಗ್ಗದ ಚೌಪದಿ ಕಳಿಸುತ್ತೇವಲ್ಲ, ಡಿ.ವಿ.ಜಿ. ತೀರಿಕೊಂಡದ್ದು 1975ರಲ್ಲಿ. ಕಾಯಿದೆಯ ಲೆಕ್ಕದಲ್ಲಿ ಅವಧಿ ಮುಗಿಯುವುದು 2035ರ ಡಿಸೆಂಬರಿಗೆ. ಕೆಳಗೆ ಹೆಸರು ಹಾಕಿದರೆ ಸಾಕು ಅಂದುಕೊಂಡಿದ್ದೇವೆ. ಹೆಸರು ಹಾಕುವುದು ಮರ್ಯಾದೆ, ಅನುಮತಿ ಬೇರೆ.

ಈ ಅರವತ್ತು ಅನ್ನುವ ಸಂಖ್ಯೆಯಾದರೂ ವೇದವಾಕ್ಯವೇನಲ್ಲ. ಮೊದಲು ಐವತ್ತೇ ಇತ್ತು. ರವೀಂದ್ರನಾಥ ಠಾಕೂರರು 1941ರಲ್ಲಿ ತೀರಿಕೊಂಡರು, 1991ರ ಕೊನೆಗೆ ಅವರ ಕೃತಿಗಳು ಎಲ್ಲರ ಸ್ವತ್ತಾಗಬೇಕಿತ್ತು. ಅಷ್ಟರಲ್ಲಿ ಅವಧಿಯನ್ನು ಹತ್ತು ವರ್ಷ ಮುಂದಕ್ಕೆ ತಳ್ಳಿದರು, 1992ರ ತಿದ್ದುಪಡಿ ಅದು. ಅಂದರೆ ‘ನನ್ನದು’ ಎಂಬುದು ‘ನಮ್ಮೆಲ್ಲರದು’ ಆಗುವ ದಿನವನ್ನು ಸಮಾಜ ಕೂತು ಗೊತ್ತುಮಾಡುತ್ತದೆ, ಠೇವಣಿಯ ಬಡ್ಡಿದರದ ಹಾಗೆ. ಆದರೆ ಒಮ್ಮೆ ಗೊತ್ತುಮಾಡಿದ ಮೇಲೆ ಪಾಲಿಸಬೇಕಾದವರು ನಾವು. ಜೋಶಿಯವರ ಮೇಲೆ ನನಗಿರುವ ಭಕ್ತಿಗೂ ಅವರ ದನಿಯನ್ನು ಕೇಳದೆ ತೆಗೆದುಕೊಳ್ಳುವುದಕ್ಕೂ ಸಂಬಂಧವಿಲ್ಲ. ಕೊನೆಗೆ ನಮ್ಮ ಭಜನಾ ಮಂಡಳಿಯ ಮೂವರು ಹೆಂಗಸರು ಹಾರ್ಮೋನಿಯಂ ಇಟ್ಟುಕೊಂಡು, ಮನೆಯಲ್ಲಿ ಹಿರಿಯರಿಂದ ಕಲಿತ ಧಾಟಿಯಲ್ಲಿ ಅದೇ ಪದ ಹಾಡಿಕೊಟ್ಟರು. ಶ್ರುತಿ ಅಲ್ಲಲ್ಲಿ ಜಾರಿದೆ. ಆದರೂ ಯಾರ ಹಂಗೂ ಇಲ್ಲ.

ಅಕ್ಷರದ ವಿಷಯದಲ್ಲೂ ಹೀಗೇ ಆಯಿತು. ತೆರೆಯ ಮೇಲೆ ಹೆಸರು ಹಾಕಲು ಯಾವುದೋ ಚಂದದ ಕನ್ನಡ ಅಕ್ಷರವಿನ್ಯಾಸವನ್ನು ಎಲ್ಲಿಂದಲೋ ಇಳಿಸಿಕೊಂಡಿದ್ದೆ. ಅದು ದುಡ್ಡು ಕೊಟ್ಟು ಕೊಳ್ಳಬೇಕಾದದ್ದು ಅನ್ನುವುದೇ ಗೊತ್ತಿರಲಿಲ್ಲ. ಯಾರೋ ಒಬ್ಬರು ಕೂತು ಒಂದೊಂದು ಒತ್ತಕ್ಷರವನ್ನೂ ಬಿಡಿಸಿರುತ್ತಾರೆ, ಅದೂ ದುಡಿಮೆಯೇ. ಅದನ್ನು ಬಿಟ್ಟು, ಎಲ್ಲರ ಬಳಕೆಗೆ ಮುಕ್ತವಾಗಿರುವ ನೋಟೋ ಸಾನ್ಸ್ ಕನ್ನಡ ಹಾಕಿದೆವು. ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬಿಡಬೇಕು, ಇಲ್ಲದಿದ್ದರೆ ‘ರಾಷ್ಟ್ರ’ದ ಕಾಲು ಕೆಳಗಿನ ಸಾಲಿನವನ ತಲೆಗೆ ಬಡಿಯುತ್ತದೆ.

ಎರಡನೆಯ ತೊಡಕು ಒಂದು ಫೋಟೋ. ಸಂಘದ ಕಪಾಟಿನಲ್ಲಿ ಸಿಕ್ಕಿದ್ದು. ರಾತ್ರಿ ಶಾಲೆಯ ವಾರ್ಷಿಕೋತ್ಸವ, 1963 ಎಂದು ಹಿಂದೆ ಪೆನ್ಸಿಲಿನಲ್ಲಿ ಬರೆದಿದೆ. ಇಪ್ಪತ್ತೆರಡು ಹುಡುಗರು, ಎಲ್ಲರೂ ಹೋಟೆಲಿನವರೇ ಇರಬೇಕು, ಎಣ್ಣೆ ಹಾಕಿ ಬಾಚಿದ ತಲೆ, ಯಾರದೋ ದೊಡ್ಡ ಅಂಗಿ. ಫೋಟೋ ತೆಗೆದವರು ಯಾರು? ಸ್ಟುಡಿಯೋದ ಮುದ್ರೆ ಇಲ್ಲ. ಕಾಯಿದೆಯ ಪ್ರಕಾರ ಸಾಮಾನ್ಯವಾಗಿ ತೆಗೆದವನೇ ಒಡೆಯ. ದುಡ್ಡು ಕೊಟ್ಟು ತೆಗೆಸಿದ್ದರೆ, ಬೇರೆ ಕರಾರಿಲ್ಲದಿದ್ದಲ್ಲಿ, ತೆಗೆಸಿದವರು. ತೆಗೆಸಿದ ಶಾಲೆಯೇ ಈಗ ಇಲ್ಲ. ಅರವತ್ತು ವರ್ಷ ಎಣಿಸೋಣವೆಂದರೆ ಅದು ತೆಗೆದ ದಿನದಿಂದಲ್ಲ, ತೆಗೆದವರು ತೀರಿಕೊಂಡ ಮೇಲಿನಿಂದ, ಅವರು ಯಾರೆಂದೇ ಗೊತ್ತಿಲ್ಲ. ಎಲ್ಲಿಯೂ ಪ್ರಕಟವಾದಂತೆ ಕಾಣಲಿಲ್ಲ. ಹಕ್ಕುದಾರರು ಪತ್ತೆಯಾಗದ ಕೃತಿಗಳಿಗೆ ಅರ್ಜಿ ಹಾಕಿ, ಇಂಗ್ಲಿಷ್ ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಅನುಮತಿ ಪಡೆಯುವ ಒಂದು ದಾರಿ ಕಾಯಿದೆಯಲ್ಲಿದೆ. ಒಂದು ಫೋಟೋಕ್ಕಾಗಿ ನಮ್ಮಂಥ ಸಣ್ಣ ಸಂಘ ಆ ದಾರಿ ಹಿಡಿದೀತೆ?

ನನಗೆ ನೆನಪಾದದ್ದು ವಾರಸುದಾರರಿಲ್ಲದ ಠೇವಣಿ. ಹತ್ತು ವರ್ಷ ಯಾರೂ ಮುಟ್ಟದ ಖಾತೆಯ ಹಣ 2014ರಿಂದ ರಿಸರ್ವ್ ಬ್ಯಾಂಕಿನ ಒಂದು ನಿಧಿಗೆ ಹೋಗುತ್ತದೆ. ಆದರೆ ಅದು ಯಾರ ಪಾಲಿಗೂ ಬಿಟ್ಟಿ ಸಿಕ್ಕ ಹಣವಲ್ಲ. ಹದಿನೈದು ವರ್ಷದ ಮೇಲೆ ಖಾತೆದಾರನ ಮೊಮ್ಮಗ ಬಂದು ದಾಖಲೆ ತೋರಿಸಿದರೂ ಕೊಡಬೇಕು. ಮಾಲೀಕ ಕಾಣುವುದಿಲ್ಲ ಅನ್ನುವುದು ಮಾಲೀಕನೇ ಇಲ್ಲ ಅನ್ನುವುದಕ್ಕೆ ಸಮವಲ್ಲ. ಹಾಗೆಂದು ಕಪಾಟಿನಲ್ಲಿ ಗೆದ್ದಲು ತಿನ್ನಲಿ ಎಂದು ಬಿಡುವುದೂ ಧರ್ಮವಲ್ಲ. ನಾವು ಮೂರು ಸಂಘಗಳ ನೋಟೀಸ್ ಬೋರ್ಡಿನಲ್ಲಿ ಫೋಟೋದ ಪ್ರತಿ ಅಂಟಿಸಿದೆವು, ಎರಡು ತಿಂಗಳು ಕಾದೆವು. ನಾಲ್ಕು ಹುಡುಗರ ಗುರುತು ಸಿಕ್ಕಿತು, ತೆಗೆದವರದು ಸಿಗಲಿಲ್ಲ. ಕೊನೆಗೆ ‘ತೆಗೆದವರು ತಿಳಿಯದು, ತಿಳಿದವರು ಹೇಳಿದರೆ ಹೆಸರು ಸೇರಿಸುತ್ತೇವೆ, ಬೇಡವೆಂದರೆ ತೆಗೆಯುತ್ತೇವೆ’ ಎಂದು ಬರೆದು ಬಳಸಿದೆವು. ಕಾನೂನಿಗೆ ಇದು ಸಾಲದು ಅಂತ ನನಗೆ ಗೊತ್ತು. ಮನಸ್ಸು ಮಾತ್ರ ಒಪ್ಪಿತು.

ಹಾಡಿನಲ್ಲಿ ಕಾನೂನು ಸ್ಪಷ್ಟ ಇತ್ತು, ಫೋಟೋದಲ್ಲಿ ಮಸುಕು. ಮೂರನೆಯದರಲ್ಲಿ ಕಾನೂನು ಪೂರ್ತಿ ನಮ್ಮ ಪರವಾಗಿತ್ತು. ನಿಜವಾದ ಕಷ್ಟ ಶುರುವಾದದ್ದು ಅಲ್ಲಿಯೇ.

ಫೋಟೋದಲ್ಲಿ ಗುರುತು ಸಿಕ್ಕ ನಾಲ್ವರಲ್ಲಿ ಬದುಕಿದ್ದವರು ಒಬ್ಬರೇ. ಅವರ ಹೆಸರು ಬರೆಯುವುದಿಲ್ಲ, ಯಾಕೆಂಬುದು ಮುಂದೆ ಗೊತ್ತಾಗುತ್ತದೆ. ನಾನು ಅಣ್ಣ ಎಂದು ಕರೆಯುತ್ತಿದ್ದೆ. ಆಗ ಅವರಿಗೆ ಎಂಬತ್ತನಾಲ್ಕು. ಹನ್ನೆರಡನೆಯ ವಯಸ್ಸಿಗೆ, 1947ರ ಮಳೆಗಾಲ ಮುಗಿದ ಮೇಲೆ, ಮಂಗಳೂರಿನಿಂದ ಹಡಗು ಹತ್ತಿ ಬಂದವರು. ಕೊಂಕಣ ರೈಲು ಪೂರ್ತಿಯಾಗಿ ಓಡಿದ್ದು 1998ರಲ್ಲಿ, ಅಲ್ಲಿಯವರೆಗೆ ನಮ್ಮ ಕರಾವಳಿಯವರಿಗೆ ಮುಂಬಯಿ ಎಂದರೆ ಸಮುದ್ರ, ಇಲ್ಲವೆ ಘಟ್ಟ ಹತ್ತಿ ಸುತ್ತಿ ಬರುವ ದಾರಿ. ಫೋರ್ಟಿನ ಒಂದು ಹೋಟೆಲಿನಲ್ಲಿ ಟೇಬಲ್ ಒರೆಸುವ ಕೆಲಸ. ಆಮೇಲೆ ಸಪ್ಲೈಯರ್, ಆಮೇಲೆ ಗಲ್ಲಾ, ಐವತ್ತರ ಹೊತ್ತಿಗೆ ಬೇರೊಬ್ಬರ ಜೊತೆ ಪಾಲಿನಲ್ಲಿ ಸಣ್ಣ ಕ್ಯಾಂಟೀನು.

ಕೂರಿಸಿ, ಮೈಕು ಸಿಕ್ಕಿಸಿ, ಒಂದು ಕಾಗದ ಮುಂದಿಟ್ಟೆ. ‘ನನ್ನ ಮಾತು, ಧ್ವನಿ ಹಾಗೂ ಚಿತ್ರವನ್ನು ಸಂಘವು ತನಗೆ ಬೇಕಾದ ರೀತಿಯಲ್ಲಿ, ಬೇಕಾದಷ್ಟು ಕಾಲ ಬಳಸಲು ಒಪ್ಪಿದ್ದೇನೆ.’ ಒಕ್ಕಣೆ ನನ್ನದೇ. ಸಾಲದ ಪತ್ರಗಳಲ್ಲಿ ಸಹಿ ಮಾಡುವ ಜಾಗಕ್ಕೆ ಪೆನ್ಸಿಲಿನಿಂದ ಗುರುತು ಹಾಕಿಕೊಡುತ್ತಿದ್ದೆವು, ಇದಕ್ಕೂ ಹಾಕಿದೆ. ‘ನೀವು ಹೇಳಿದ ಮೇಲೆ ನಾನು ಓದ್ಲಿಕ್ಕೆ ಎಂತ ಉಂಟು ಮೆನೇಜರ್ರೇ’ ಎಂದು ಅಣ್ಣ ಸಹಿ ಮಾಡಿದರು. ಹಾಗೆ ಓದದೆ ಸಹಿ ಮಾಡಿದವರನ್ನು ನಾನು ಎಷ್ಟು ಜನ ನೋಡಿಲ್ಲ?

ಒಂದು ಗಂಟೆ ನಲವತ್ತು ನಿಮಿಷ ಮಾತಾಡಿದರು. ಅದರಲ್ಲಿ ಒಂದು ಪ್ರಸಂಗ. ಬಂದ ಮರುವರ್ಷ, ಊರಿನಿಂದ ಅಮ್ಮನಿಗೆ ಹುಷಾರಿಲ್ಲ ಎಂಬ ಕಾಗದ ಬಂತು. ಕೈಯಲ್ಲಿ ಕಾಸಿಲ್ಲ. ಧಣಿಗಳು ಊಟಕ್ಕೆ ಎದ್ದಾಗ ಹುಡುಗ ಗಲ್ಲಾ ಪೆಟ್ಟಿಗೆಯಿಂದ ಎಂಟಾಣೆ ತೆಗೆದ. ಸಿಕ್ಕಿಬಿದ್ದ. ಧಣಿಗಳು ಹೊಗೆಕೋಣೆಗೆ ಎಳೆದುಕೊಂಡು ಹೋಗಿ ಸೌದೆಯಿಂದ ಹೊಡೆದರು. ಎರಡು ದಿನ ಅನ್ನ ಸೇರಲಿಲ್ಲ. ಮೂರನೆಯ ದಿನ ಜ್ವರ. ಅದೇ ಧಣಿಗಳು ಪಕ್ಕದಲ್ಲಿ ಕೂತು ಗಂಜಿ ಕುಡಿಸಿದರು, ಅಮ್ಮನಿಗೆ ಐದು ರೂಪಾಯಿ ಮನಿಯಾರ್ಡರ್ ಮಾಡಿದರು, ‘ಲೆಕ್ಕ ಬಾರದವನು ಕದಿಯುತ್ತಾನೆ, ಲೆಕ್ಕ ಕಲಿ’ ಎಂದು ಸ್ಲೇಟು ಕೊಡಿಸಿ ರಾತ್ರಿ ಶಾಲೆಗೆ ಸೇರಿಸಿದರು. ಇಷ್ಟನ್ನೂ ಅಣ್ಣ ಒಂದೇ ಉಸಿರಿಗೆ ಹೇಳಲಿಲ್ಲ. ಏಟಿನ ಮಾತು ಒಂದು ಕಡೆ, ಎಂಟಾಣೆಯ ಮಾತು ಇನ್ನೊಂದು ಕಡೆ, ಸ್ಲೇಟಿನ ಮಾತು ಕೊನೆಗೆ ಬಂತು.

ನಮಗೆ ಇದ್ದದ್ದು ಅವರ ಪಾಲಿಗೆ ನಾಲ್ಕು ನಿಮಿಷ. ನಾನೂ ಆ ಹುಡುಗಿಯೂ ಮೂರು ರಾತ್ರಿ ಕೂತು ಕತ್ತರಿಸಿದೆವು. ಎಂಟಾಣೆಯ ಭಾಗವನ್ನು ತೆಗೆದವನು ನಾನೇ. ಮರ್ಯಾದಸ್ಥರು, ಮೊಮ್ಮಕ್ಕಳು ನೋಡುತ್ತಾರೆ, ಎಪ್ಪತ್ತು ವರ್ಷದ ಹಿಂದಿನ ಹುಡುಗುಬುದ್ಧಿ, ಯಾಕೆ ಬೇಕು? ಸ್ಲೇಟಿನ ಭಾಗ ಉದ್ದವಾಯಿತೆಂದು ಹೋಯಿತು. ಉಳಿದದ್ದು ಹೀಗೆ: ಹನ್ನೆರಡು ವರ್ಷದ ಹುಡುಗ, ಹಡಗು, ಟೇಬಲ್ಲಿನ ಮೇಲೆ ನಿದ್ದೆ, ಸೌದೆಯ ಏಟು, ಆಮೇಲೆ ರಾತ್ರಿ ಶಾಲೆಯ ಫೋಟೋ. ಕತ್ತರಿಸಿದ ಜಾಗದಲ್ಲೆಲ್ಲ ಅವರ ಸುಕ್ಕುಗಟ್ಟಿದ ಕೈಯನ್ನು ತೋರಿಸಿದೆವು. ಗಂಟಲು ಕಟ್ಟುವ ಹಾಗೆ ಬಂದಿತ್ತು. ಸಮಿತಿಯವರು ನೋಡಿ ಕಣ್ಣೊರೆಸಿಕೊಂಡರು.

ಕಾರ್ಯಕ್ರಮಕ್ಕೆ ಮೊದಲು ಅಣ್ಣನಿಗೆ ತೋರಿಸಬೇಕೆಂದು ಹುಡುಗಿ ಹಟ ಹಿಡಿದಳು. ನನಗೆ ಅದು ಶಿಷ್ಟಾಚಾರ ಮಾತ್ರ ಅನ್ನಿಸಿತ್ತು. ಲ್ಯಾಪ್‌ಟಾಪ್ ಒಯ್ದು ಅವರ ಮನೆಯಲ್ಲಿ ತೋರಿಸಿದೆವು. ಅಣ್ಣ ಪೂರ್ತಿ ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದರು.

‘ಎಲ್ಲ ನಾನು ಹೇಳಿದ್ದೇ. ಆದ್ರೆ ನಾನು ಹೇಳಿದ್ದು ಇದಲ್ಲ ಮಾರಾಯ್ರೆ’ ಅಂದರು.

‘ಎಂತ ತಪ್ಪಾಯ್ತು ಅಣ್ಣ?’

‘ನಾನು ಕದ್ದದ್ದು ಎಲ್ಲಿ? ನನ್ನ ಕಳ್ಳತನ ತೆಗೆದು ನೀವು ಧಣಿಗಳ ಮೇಲೆ ಹಾಕಿದ್ರಿ. ಅವ್ರು ಸತ್ತು ಐವತ್ತು ವರ್ಷ ಆಯ್ತು. ಬಂದು ಹೇಳ್ಲಿಕ್ಕೆ ಅವ್ರಿಗೆ ಬಾಯಿ ಉಂಟಾ?’

ನಾನು ತಲೆ ತಗ್ಗಿಸಿದೆ. ಎಂ.ಕಾಂ. ಓದಿದವನಿಗೆ ಇದನ್ನು ಹೋಟೆಲಿನ ಗಲ್ಲಾದಲ್ಲಿ ಲೆಕ್ಕ ಕಲಿತವರು ಹೇಳಬೇಕಾಯಿತು. ಪ್ರತಿಯೊಂದು ಜಮೆಗೆ ಒಂದು ಖರ್ಚು, ಪ್ರತಿಯೊಂದು ಖರ್ಚಿಗೆ ಒಂದು ಜಮೆ, ಒಂದು ಬದಿಯ ನಮೂದನ್ನು ಒರೆಸಿದರೆ ಇನ್ನೊಂದು ಬದಿ ತನ್ನಷ್ಟಕ್ಕೆ ಸುಳ್ಳಾಗುತ್ತದೆ. ನಾನು ಒಂದು ಸುಳ್ಳನ್ನೂ ಸೇರಿಸಿರಲಿಲ್ಲ. ಒಂದು ನಿಜವನ್ನು ಕರುಣೆಯಿಂದ ತೆಗೆದಿದ್ದೆ, ಅಷ್ಟೇ. ಅಷ್ಟಕ್ಕೇ ಒಬ್ಬ ಸತ್ತ ಮನುಷ್ಯ ಕ್ರೂರಿಯಾಗಿಬಿಟ್ಟ.

ಕಾನೂನು ಏನು ಹೇಳುತ್ತದೆ ನೋಡಿ. ಚಿತ್ರದ ಹಕ್ಕು ಮಾಡಿಸಿದ ಸಂಘದ್ದು. ಒಬ್ಬನ ಬದುಕಿನಲ್ಲಿ ನಡೆದ ಘಟನೆ ಯಾರ ಸ್ವತ್ತೂ ಅಲ್ಲ, ಅದನ್ನು ಹೇಳಿದ ರೂಪಕ್ಕೆ ಮಾತ್ರ ರಕ್ಷಣೆ. ಇದನ್ನು ಸುಪ್ರೀಂ ಕೋರ್ಟು 1978ರಲ್ಲಿ ಸ್ಪಷ್ಟವಾಗಿ ಹೇಳಿದೆ. ಆ ಮೊಕದ್ದಮೆಯ ಕಥೆಯೂ ನಮ್ಮಂಥವರದ್ದೇ. ಆರ್.ಜಿ. ಆನಂದ್ ಎಂಬ ನಾಟಕಕಾರರು ‘ಹಮ್ ಹಿಂದುಸ್ತಾನಿ’ ಎಂಬ ನಾಟಕ ಬರೆದಿದ್ದರು, ದೆಹಲಿಯಲ್ಲಿ ಅಕ್ಕಪಕ್ಕ ವಾಸಿಸುವ ಒಂದು ಪಂಜಾಬಿ, ಒಂದು ಮದ್ರಾಸಿ ಕುಟುಂಬ, ಅವರ ಮಕ್ಕಳ ಪ್ರೀತಿ, ಹಿರಿಯರ ಪ್ರಾಂತಾಭಿಮಾನ. 1956ರ ‘ನ್ಯೂ ದೆಲ್ಲಿ’ ಸಿನಿಮಾ ತನ್ನ ನಾಟಕದ ನಕಲು ಎಂದು ಅವರು ದಾವೆ ಹೂಡಿದರು. ವಿಷಯ ಒಂದೇ ಆದರೂ ಕಟ್ಟಿದ ರೀತಿ ಬೇರೆ, ವಿಷಯಕ್ಕೆ, ಕಥಾವಸ್ತುವಿಗೆ, ಘಟನೆಗೆ ಕೃತಿಸ್ವಾಮ್ಯವಿಲ್ಲ ಎಂದು ಕೋರ್ಟು ತೀರ್ಪಿತ್ತಿತು. ಸರಿಯಾದ ತೀರ್ಪೇ ಅನ್ನಿ. ಪರಊರಿನಲ್ಲಿ ಬಾಡಿಗೆ ಮನೆ ಹುಡುಕುವ ಕಷ್ಟವನ್ನು ಒಬ್ಬರೇ ತಮ್ಮ ಹೆಸರಿಗೆ ಬರೆಸಿಕೊಂಡರೆ ಉಳಿದವರು ಬರೆಯುವುದು ಏನನ್ನು?

ಕಾಯಿದೆಯಲ್ಲಿ ಇನ್ನೊಂದು ಒಳ್ಳೆಯ ಸೆಕ್ಷನ್ ಇದೆ, 57. ಕರ್ತೃ ತನ್ನ ಹಕ್ಕನ್ನೆಲ್ಲ ಮಾರಿದ ಮೇಲೂ, ತನ್ನ ಕೃತಿಯನ್ನು ಮಾನ ಹೋಗುವಂತೆ ತಿರುಚಿದರೆ ಆಕ್ಷೇಪಿಸುವ ಹಕ್ಕು ಅವನಲ್ಲೇ ಉಳಿಯುತ್ತದೆ. ಅದು ಕರ್ತೃವಿಗೆ. ಚಿತ್ರದ ಕರ್ತೃ ಯಾರು? ಕಾಯಿದೆಯ ಭಾಷೆಯಲ್ಲಿ ನಿರ್ಮಾಪಕ, ಅಂದರೆ ನಾವು. ಕಥೆ ಬದುಕಿದವರು ಅಣ್ಣ. ಏಟು ತಿಂದವರೂ ಅವರೇ. ಅವರ ಕಡೆ ಇದ್ದದ್ದು ಪೆನ್ಸಿಲ್ ಗುರುತಿನ ಮೇಲೆ ಹಾಕಿದ ಒಂದು ಸಹಿ, ಅದೂ ಅವರ ವಿರುದ್ಧವೇ.

ಮನೆಗೆ ಬಂದು ಮತ್ತೆ ಜೋಡಿಸಿದೆವು. ಎಂಟಾಣೆ ಬಂತು, ಸ್ಲೇಟು ಬಂತು, ಹಡಗು ಸ್ವಲ್ಪ ಚಿಕ್ಕದಾಯಿತು. ಕತ್ತರಿಸಿದ ಜಾಗದಲ್ಲಿ ಕೈ ತೋರಿಸುವುದನ್ನು ಬಿಟ್ಟೆವು, ಮುಖ ಹಾರಿದರೆ ಹಾರಲಿ, ಇಲ್ಲಿ ಕತ್ತರಿ ಬಿದ್ದಿದೆ ಎಂದು ನೋಡುವವರಿಗೆ ಗೊತ್ತಾಗಲಿ ಎಂದು. ಮೊದಲಿನಷ್ಟು ಗಂಟಲು ಕಟ್ಟಲಿಲ್ಲ. ಸಮಿತಿಯ ಒಬ್ಬರು ‘ಮೊದಲಿನದೇ ಚಂದ ಇತ್ತು’ ಅಂದರು. ಹೌದು, ಚಂದ ಇತ್ತು. 2019ರ ಡಿಸೆಂಬರಿನಲ್ಲಿ ಸಭಾಂಗಣದಲ್ಲಿ ತೋರಿಸಿದಾಗ ಅಣ್ಣ ಮುಂದಿನ ಸಾಲಿನಲ್ಲಿ ಬಿಳಿ ಪಂಚೆ ಉಟ್ಟು ಕೂತಿದ್ದರು.

ಇಲ್ಲಿಗೆ ಮುಗಿದಿದ್ದರೆ ಇದು ಪಾಠ ಕಲಿತ ಕಥೆ. ಆದರೆ ಅಣ್ಣ 2021ರಲ್ಲಿ ತೀರಿಕೊಂಡರು. ವಿಡಿಯೋ ಯೂಟ್ಯೂಬಿನಲ್ಲಿತ್ತು. ಆರು ತಿಂಗಳಾದ ಮೇಲೆ ಅವರ ಮಗ ಬಂದ. ನಯವಾಗಿಯೇ ಹೇಳಿದ. ‘ಸರ್, ಅಪ್ಪನ ಹೆಸರು ಹಾಕಿ ಹುಡುಕಿದ್ರೆ ಮೊದಲು ಬರೋದು ಇದೇ. ನನ್ನ ಮಗಳ ಸಂಬಂಧ ಮಾತಾಡ್ತಾ ಇದ್ದೇವೆ. ಆ ಎಂಟಾಣೆ ಒಂದು ತೆಗೆದುಬಿಡಿ. ಉಳಿದದ್ದು ಇರಲಿ.’

ಏನು ಮಾಡುವುದು? ತೀರಿಕೊಂಡವರು ಇರಲಿ ಅಂದಿದ್ದರು. ವಾರಸುದಾರರು ಬೇಡ ಅನ್ನುತ್ತಾರೆ. ಕಾಗದದ ಮೇಲೆ ಹಕ್ಕು ನಮ್ಮದು. ಬ್ಯಾಂಕಿನಲ್ಲಿ ನಾಮಿನಿ ಅಂತ ಬರೆಸುತ್ತೇವಲ್ಲ, ಎಷ್ಟೋ ಜನ ನಾಮಿನಿಯೇ ಮಾಲೀಕ ಅಂದುಕೊಂಡಿರುತ್ತಾರೆ. ಅಲ್ಲ. ನಾಮಿನಿ ಹಣವನ್ನು ಕೈಗೆ ಪಡೆಯುತ್ತಾನೆ, ಅದು ಸಲ್ಲಬೇಕಾದವರಿಗೆ ಸಲ್ಲುವ ತನಕ ಕಾಯುತ್ತಾನೆ. ಅಣ್ಣನ ಮಾತಿಗೆ ನಾವು ನಾಮಿನಿಗಳು ಅಂತ ನನಗೆ ಅನ್ನಿಸುತ್ತದೆ. ಸಲ್ಲಬೇಕಾದವರು ಯಾರು? ಮಗನೆ? ಮೊಮ್ಮಗಳೆ? ಐವತ್ತು ವರ್ಷದ ಹಿಂದೆ ಸತ್ತ ಧಣಿಗಳೆ? ಹೋಟೆಲಿನ ಹುಡುಗರು ಹೇಗೆ ಬದುಕಿದರು ಅಂತ ತಿಳಿಯಬೇಕಾದ ಮುಂದಿನವರೆ?

ಮಗನ ಮಾತನ್ನು ತಳ್ಳಿಹಾಕಲು ನನಗೆ ಮನಸ್ಸಾಗಲಿಲ್ಲ. ತಂದೆಯ ಹೆಸರು ಹೊತ್ತು ಬಾಳಬೇಕಾದವನು ಅವನು, ನಾನಲ್ಲ. ಸತ್ಯ ಹೇಳುವ ಧೈರ್ಯ ಅಣ್ಣನದು, ಅದರ ಬೆಲೆ ಕೊಡುವವರು ಬೇರೆಯವರಾದರೆ ಅದನ್ನು ಬರೀ ಧೈರ್ಯವೆಂದು ಕರೆದು ಕೈತೊಳೆದುಕೊಳ್ಳುವುದು ಸುಲಭ. ಆದರೆ ಎಂಟಾಣೆ ಒಂದನ್ನೇ ತೆಗೆದರೆ ನಾನು ಮತ್ತೆ ಮೊದಲಿನ ಸುಳ್ಳಿಗೇ ಮರಳಿದ ಹಾಗೆ. ಕೊನೆಗೆ ಅವನಿಗೆ ಹೇಳಿದೆ: ‘ಪೂರ್ತಿ ಮುಚ್ಚುತ್ತೇನೆ, ಕತ್ತರಿಸಲಾರೆ.’ ವಿಡಿಯೋವನ್ನು ಯೂಟ್ಯೂಬಿನಿಂದ ಇಳಿಸಿದೆವು. ಸಂಘದ ಕಪಾಟಿನಲ್ಲಿ ಎರಡು ಪ್ರತಿ ಇವೆ, ಬಂದು ಕೇಳಿದವರಿಗೆ ಪೂರ್ತಿಯಾಗಿ ತೋರಿಸುತ್ತೇವೆ. ಜೊತೆಗೆ ಅಣ್ಣ ಹೇಳಿದ್ದನ್ನೂ ಮಗ ಕೇಳಿದ್ದನ್ನೂ ಬರೆದ ಒಂದು ಚೀಟಿ ಇಟ್ಟಿದ್ದೇವೆ. ಹಾಡಿದ ಮೂವರು ಹೆಂಗಸರಿಗೆ ಬೇಸರವಾಯಿತು, ಅವರ ಹಾಡೂ ಕಪಾಟು ಸೇರಿತಲ್ಲ. ಆ ಬೇಸರವೂ ನ್ಯಾಯವಾದದ್ದೇ.

ಇಟ್ಟುಕೊಂಡವನಿಗೆ ಇರುವ ಅಧಿಕಾರ ಎಷ್ಟು ಎಂದರೆ ನನ್ನ ಮಟ್ಟಿಗೆ ಇಷ್ಟೇ: ಪೆಟ್ಟಿಗೆಯನ್ನು ತೆರೆಯಬಹುದು, ಮುಚ್ಚಬಹುದು, ಒಳಗಿದ್ದದ್ದನ್ನು ಬದಲಿಸಬಾರದು. ಮುಚ್ಚುವುದೂ ಒಂದು ಬಗೆಯ ಕತ್ತರಿಯಲ್ಲವೆ ಎಂದು ಹುಡುಗಿ ಕೇಳಿದಳು. ಇರಬಹುದು. ಮುಚ್ಚಿದ್ದನ್ನು ಮುಂದೆ ಯಾರಾದರೂ ತೆರೆಯಬಹುದು, ತಿರುಚಿದ್ದು ನಿಜವೆಂದೇ ನಿಂತುಬಿಡುತ್ತದೆ ಅಂದೆ. ಅವಳಿಗೆ ಪೂರ್ತಿ ಒಪ್ಪಿಗೆಯಾದಂತೆ ಕಾಣಲಿಲ್ಲ.

ನೀವು ಕೇಳಬಹುದು, ಹಾಗಾದರೆ ಇದನ್ನೆಲ್ಲ ಇಲ್ಲಿ ಬರೆದದ್ದು ಯಾವ ನ್ಯಾಯ ಅಂತ. ನನಗೂ ಆ ಅಳುಕು ಇತ್ತು. ಹೆಸರು ಬಿಟ್ಟೆ, ಹೋಟೆಲಿನ ಗುರುತು ಬಿಟ್ಟೆ, ಬರೆದದ್ದನ್ನು ಕಳಿಸುವ ಮೊದಲು ಮಗನಿಗೆ ಫೋನಿನಲ್ಲಿ ಕೊನೆಯ ತನಕ ಓದಿ ಹೇಳಿದೆ. ಈ ಸಲ ಪೆನ್ಸಿಲ್ ಗುರುತು ಹಾಕಲಿಲ್ಲ. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಹೆಸರಿಲ್ಲ ಅಲ್ವಾ, ಇರಲಿ ಸರ್. ಆದ್ರೆ ಎಂಟಾಣೆ ಅಲ್ಲ, ಅಪ್ಪ ನಮ್ಮ ಹತ್ತಿರ ಯಾವಾಗ್ಲೂ ಹನ್ನೆರಡಾಣೆ ಅಂತಿದ್ರು’ ಅಂದ.

ಮನೆಯಲ್ಲೂ ಹೇಳಿಕೊಂಡಿದ್ದರು ಅಂತಾಯಿತು. ರೆಕಾರ್ಡನ್ನು ಮತ್ತೆ ಹಾಕಿ ಕೇಳಿದೆ. ಎಂಟಾಣೆ ಅಂತಲೇ ಇದೆ. ನಮಗೆ ಹೇಳಿದ್ದು ಎಂಟಾಣೆ, ಅದನ್ನೇ ಬರೆದಿದ್ದೇನೆ. ಉಳಿದ ನಾಲ್ಕಾಣೆ ಅವರ ಮನೆಯವರದು.